ನಲ್ಲಿ ಕೊಳವೆಗೆ ಕಟ್ಟಿದ ತೆಳು ತಂತಿ

ಮಧುಗಿರಿಯ ನಮ್ಮ ಮನೆಗೆ ಕರೆಂಟು ಬಂದು ಕೆಲವು ವರ್ಷವಾಗಿತ್ತು. ಉರಿಯುತ್ತಿದ್ದುದು ಮೂರೇ ದೀಪ. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಾಗ ಹಿತ್ತಲ ಬಾವಿಗೆ ಮೋಟಾರು ಹಾಕಿಸಲು ಹೊರಟೆ. ನೀರು ಸೇದಿ ಸೇದಿ ಅವ್ವನ ಅಂಗೈ, ಅತ್ತಿಗೆಯ ಅಂಗೈ ಎರಡೂ ಜಡ್ಡುಗಟ್ಟಿದ್ದವು.

ಕೆಲಸಕ್ಕೆ ಶಿರಾದಿಂದ ವಯಸ್ಸಾದ ಮಿಸ್ತ್ರಿ ಸಾಹೇಬರೊಬ್ಬರು ಬಂದರು. ಕಂಬದಿಂದ ಹೊಸದಾಗಿ ದಪ್ಪ ತಂತಿ ಎಳೆದರು. ಮೋಟಾರಿನಿಂದ ಮಾಳಿಗೆಯ ತೊಟ್ಟಿಗೆ, ಅಲ್ಲಿಂದ ಬಚ್ಚಲ ನಲ್ಲಿಗೆ ಕಬ್ಬಿಣದ ಕೊಳವೆ ಹಾಕಿದರು. ಕೊಳವೆಗೆ ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಅದನ್ನು, ಇದ್ದಿಲು ಉಪ್ಪು ತುಂಬಿ ಅಂಗಳದಲ್ಲಿ ಹೂತಿದ್ದ ತಾಮ್ರದ ತಗಡಿಗೆ ತಂತಿಯಿಂದ ಸೇರಿಸಬೇಕಿತ್ತು. ಆ ತಗಡಿಗೆ ಮೊದಲೇ ಕಟ್ಟಿದ್ದ ಹಳೆಯ ತೆಳು ತಂತಿಯನ್ನು ಬೆರಳಲ್ಲಿ ಹೊಸಕಿ ನೋಡಿ ಅವರು ತಲೆಯಾಡಿಸಿದರು.

"ಇದು ದೀಪಕ್ಕೆ ಸಾಕಿತ್ತು ಮೇಷ್ಟ್ರೇ. ಒಳಕ್ಕೆ ಬರೋ ತಂತಿ ದಪ್ಪ ಆದ್ಮೇಲೆ ಪೈಪಿಗೆ ಕಟ್ಟೋದೂ ಅದಕ್ಕೆ ತಕ್ಕಂಗಿರ್ಬೇಕು. ಮೋಟಾರ್ ಕೆಟ್ಟು ಕರೆಂಟ್ ಪೈಪಿಗೆ ಹರಿದ್ರೆ ಇದು ಸುಟ್ಟೋಗ್ತದೆ. ದಪ್ಪ ತಾಮ್ರ ಬೆಂಗಳೂರಿಂದ ತರಿಸ್ಬೇಕು. ಹದಿನೈದು ದಿನ ತಡೀರಿ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ನೀರು ಮೇಲೇರುವುದನ್ನು ತೋರಿಸುತ್ತೇನೆಂದು ಬೀದಿಯವರನ್ನೆಲ್ಲ ಆಗಲೇ ಕರೆದುಬಿಟ್ಟಿದ್ದೆ. "ಈಗ ಅದನ್ನೇ ಕಟ್ಟಿ, ಆಮೇಲೆ ಬದಲಾಯಿಸೋಣ" ಎಂದೆ. ಅವರು ಎರಡು ಸಲ ಬೇಡವೆಂದರು, ಮೂರನೆಯ ಸಲ ಕಟ್ಟಿದರು. ಬೀದಿಯವರು ಬಂದರು, ನೀರು ನೋಡಿದರು, ಹೊಗಳಿದರು. ತಾಮ್ರ ತರಿಸುವುದನ್ನು ನಾನು ಮರೆತೆ.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೋಟಾರು ಗೊರಗೊರ ಎಂದಿತು. ಅದರ ಹಿಂದೆಯೇ ಬಚ್ಚಲಿನಿಂದ ಒಂದು ವಿಚಿತ್ರ ನರಳಾಟ. ಓಡಿದೆ. ಅವ್ವ ನಲ್ಲಿ ಹಿಡಿದು ಬಾಗಿದ್ದಳು. ಮೈಯೆಲ್ಲ ಅದುರುತ್ತಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು, ಬಾಯಿಂದ ಮಾತು ಬರುತ್ತಿರಲಿಲ್ಲ. ತಬ್ಬಿ ಎಳೆಯಲು ಕೈ ಚಾಚಿದೆ.

"ಮುಟ್ಬ್ಯಾಡ! ನೀನೂ ಸಾಯ್ತೀಯ!"

ಅತ್ತಿಗೆ ನನ್ನನ್ನು ಪಕ್ಕಕ್ಕೆ ದಬ್ಬಿ, ಒನಕೆ ಎತ್ತಿ ಅವ್ವನ ಮುಂಗೈಗೆ ಬಲವಾಗಿ ಹೊಡೆದಳು. ಇವಳಿಗೆ ಹುಚ್ಚು ಹಿಡಿಯಿತೆಂದೇ ನನಗೆ ಅನ್ನಿಸಿತು. ಮೂಳೆ ಮುರಿದ ಸದ್ದು ಕೇಳಿಸಿತು. ಅವ್ವ ನಲ್ಲಿಯಿಂದ ಬಿಡಿಸಿಕೊಂಡು ಹಿಂದಕ್ಕೆ ಬಿದ್ದಳು. ಉಸಿರಿತ್ತು.

ಅತ್ತಿಗೆ ಒನಕೆ ಕೆಳಗಿಟ್ಟು ಅವ್ವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. "ಮಜ್ಜಿಗೆ ಕೊಡೋಕೆ ಹೋದಾಗ ಸಾಬ್ರು ಯೋಳಿದ್ರು ಕಣಪ್ಪ, ಕರೆಂಟ್ ಹಿಡ್ಕಂಡೋರ್ನ ಮುಟ್ಬಾರ್ದು, ಒಣಗಿದ ಮರದಾಗೆ ಹೊಡೀಬೇಕು ಅಂತ."

ವಿದ್ಯುತ್ತಿನ ಪಾಠ ಹೇಳುವ ನನಗೆ ಆ ಗಳಿಗೆಯಲ್ಲಿ ಅದು ಹೊಳೆದಿರಲಿಲ್ಲ.

ಸುದ್ದಿ ಹೋದ ಮಾರನೆಯ ದಿನವೇ ಸಾಹೇಬರು ಬಂದರು. ತಂತಿ ನಡುವೆ ಕರಗಿ ತುಂಡಾಗಿತ್ತು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಅವ್ವನ ಹಾಸಿಗೆಯ ಬಳಿ ಹೋಗಿ ನೆಲಕ್ಕೆ ಕೂತರು.

"ತಪ್ಪು ನಂದೇ ಅಮ್ಮಾ. ಸಾಲಲ್ಲ ಅಂತ ಗೊತ್ತಿದ್ದೂ ಕಟ್ಬುಟ್ಟೆ. ಸಾಮಾನು ಎತ್ಕೊಂಡು ಹೊರಟೋಗ್ಬೇಕಿತ್ತು."

ನಾನು ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ತಡೆಯಲಾಗಲಿಲ್ಲ. "ಅವರು ಬೇಡ ಅಂದ್ರು ಕಣವ್ವ. ಕಟ್ಟಿಸಿದ್ದು ನಾನೇ" ಎಂದೆ.

ಅವ್ವ ಸಾಹೇಬರ ಕಡೆ ತಿರುಗಿ, "ಊಟ ಮಾಡ್ಕಂಡು ಹೋಗಿ" ಎಂದಳು. ನನ್ನ ಜೊತೆ ಮಾತಾಡಲು ಅವಳಿಗೆ ಒಂದು ವಾರ ಹಿಡಿಯಿತು.