ಯಾಕೆ ವಾಪಸು ಬರುತ್ತೀರಿ?

ಹೋದ ಶುಕ್ರವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಯಾರದೋ ಟ್ರಾಲಿ ತಾಗಿ ವಿನೆಗರ್ ಬಾಟಲಿಯೊಂದು ನೆಲಕ್ಕೆ ಬಿದ್ದು ಒಡೆಯಿತು. ನಾನು ಮತ್ತು ನನ್ನ ಹೆಂಡತಿ ಒಂದು ಸಾಲು ಆಚೆ ನಿಂತು ಜೋಳದ ಹಿಟ್ಟಿನ ಪಾಕೀಟು ಹುಡುಕುತ್ತಿದ್ದೆವು. ಮುಂದಿನ ವಾರ ಗದಗಿನಿಂದ ನಮ್ಮವ್ವ ಬರುವವಳಿದ್ದಾಳೆ. ವಿಸಿಟ್ ವೀಸಾ, ಮೂರು ತಿಂಗಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಇದೇ ಕುವೈತಿನ ಮಹಬೂಲಾದಲ್ಲಿ ನಾವು ಮೊದಲು ಇದ್ದ ಬಿಲ್ಡಿಂಗು, ಅದರ ನಾಲ್ಕನೆಯ ಮಹಡಿ, ಅರ್ಧ ತೆರೆದ ಎದುರಿನ ಬಾಗಿಲು... ಎಲ್ಲ ಒಮ್ಮೆಲೇ ನೆನಪಾದವು. ಹೆಂಡತಿ ನನ್ನ ಕಡೆ ನೋಡಿ, "ಅಕ್ಕಾರ ಮನಿ ವಾಸನಿ," ಎಂದಳು. ಅವರ ಮಾತನ್ನು ನಾವಿಬ್ಬರೂ ಎತ್ತಿ ನಾಲ್ಕು ವರ್ಷವಾಗಿತ್ತು.

ಅಕ್ಕಾರು ಅಂದರೆ ನಮ್ಮ ಎದುರುಮನೆಯವರು. ಫಿಲಿಪೀನ್ಸಿನವರು, ಐವತ್ತು ದಾಟಿದ ಹೆಂಗಸು. ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಸಹಾಯಕಿಯಾಗಿದ್ದರು, ಒಬ್ಬರೇ ಇದ್ದರು. ಕುವೈತಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಇಂಗ್ಲಿಷಿನ ಮಧ್ಯೆ ಕ್ಲಿನಿಕ್ಕಿನಲ್ಲಿ ಕಲಿತ ನಾಲ್ಕು ಹಿಂದಿ ಮಾತು ಸೇರಿಸಿ ನನ್ನ ಹೆಂಡತಿಯ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದರು. ನನ್ನನ್ನು ಮಾತ್ರ ಮೊದಲ ದಿನದಿಂದ ಕೊನೆಯ ದಿನದವರೆಗೂ ಸರ್ ಎಂದೇ ಕರೆದರು.

ನನ್ನ ಸ್ವಭಾವ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮೀನಾ ಅಬ್ದುಲ್ಲಾದ ತೈಲ ರಿಫೈನರಿಯಲ್ಲಿ ವೆಲ್ಡಿಂಗ್ ಇನ್ಸ್‌ಪೆಕ್ಟರ್. ಪೈಪು ಪೈಪು ಕೂಡಿಸಿದ ಜಾಗದ ಎಕ್ಸ್‌ರೇ ನೋಡಿ, ಒಳಗೆ ಬಿರುಕಿದೆಯೇ, ಗಾಳಿ ಸಿಕ್ಕಿಕೊಂಡಿದೆಯೇ ಎಂದು ಹುಡುಕುವುದು ನನ್ನ ಕೆಲಸ. ಹೊರಗೆ ನುಣ್ಣಗೆ ಚೆಂದ ಕಂಡ ಜಾಯಿಂಟನ್ನೇ ನಾನು ಎರಡು ಸಲ ನೋಡುವವನು. ಮನೆಗೆ ಬಂದರೂ ಈ ಕಣ್ಣು ಮುಚ್ಚುವುದಿಲ್ಲ. ಹಾಲಿನ ಡಬ್ಬಿಯ ತಾರೀಖು, ಹಾರಿಸ್, ಅಂದರೆ ನಮ್ಮ ಬಿಲ್ಡಿಂಗಿನ ಕಾವಲುಗಾರ, ಅವನ ನಗು, ಹೆಂಡತಿಯ ಅಣ್ಣ ಫೋನಿನಲ್ಲಿ ಆಡುವ ಸಿಹಿ ಮಾತು, ಯಾವುದನ್ನೂ ನಾನು ಸುಮ್ಮನೆ ಬಿಡುವುದಿಲ್ಲ.

ಇದಕ್ಕೆ ಕಾರಣವೂ ಇತ್ತು. ನನ್ನನ್ನು ಈ ದೇಶಕ್ಕೆ ಕಳಿಸಿದ ಮುಂಬೈಯ ಏಜೆಂಟ್ ನಮ್ಮ ಏಳು ಜನರನ್ನು ಒಂದು ಕೋಣೆಯಲ್ಲಿ ಕೂಡಿಸಿ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದ. ಅನುಭವ ಎಷ್ಟು ವರ್ಷ ಎಂದರೆ ಎಂಟು ಅನ್ನಬೇಕು, ನನಗಿದ್ದದ್ದು ಎರಡು. ಬಂದಿಳಿದ ಮೇಲೆ ನೋಡಿದರೆ ಅವನು ಹೇಳಿದ ಕಂಪನಿಯೂ ಇರಲಿಲ್ಲ, ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಬರೆದ ಕೆಲಸವೂ ನನ್ನದಾಗಿರಲಿಲ್ಲ. ನನ್ನ ಹೆಸರಿಗೆ ವೀಸಾ ಕೊಟ್ಟ ಕಫೀಲನ ಮುಖವನ್ನು ಎರಡು ವರ್ಷ ನೋಡಲಿಲ್ಲ. ಆ ಎರಡು ವರ್ಷ ಹೇಗೆ ಕಳೆದೆ ಎಂಬುದು ಬೇರೆಯೇ ಕತೆ... ಅಂದಿನಿಂದ ಯಾರಾದರೂ ಯಾರಿಗಾದರೂ ಉತ್ತರ ಕಲಿಸುವುದು ಕೇಳಿದರೆ ನನ್ನ ಕಿವಿ ನಿಮಿರುತ್ತದೆ.

ಎದುರುಮನೆಯಲ್ಲಿ ಪ್ರತಿ ಶುಕ್ರವಾರ ನಡೆಯುತ್ತಿದ್ದದ್ದೂ ಅದೇ. ಮಧ್ಯಾಹ್ನವಾಗುತ್ತಲೇ ಬಾಗಿಲ ಮುಂದೆ ಚಪ್ಪಲಿಗಳು ಸೇರುತ್ತಿದ್ದವು. ಬರುವವರೆಲ್ಲ ಅವರ ದೇಶದವರೇ, ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಫೈಲು. ಒಳಗೆ ಬೆಳ್ಳುಳ್ಳಿ, ವಿನೆಗರ್ ಹಾಕಿ ಏನೋ ಕುದಿಸುತ್ತಿದ್ದರು. ಆ ಘಾಟಿಗೆ ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಟೇಬಲ್ಲಿನ ಮೇಲೆ ವಿಡಿಯೋ ಕಾಲ್ ಹಚ್ಚಿದ ಫೋನು ನಿಲ್ಲಿಸಿ ಎದುರುಮನೆಯವರು ಯಾರೋ ಮುದುಕರಿಗೆ ನಿಧಾನವಾದ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಮಗಳು ಏನು ಕೆಲಸದಲ್ಲಿದ್ದಾಳೆ? ಎಷ್ಟು ತಿಂಗಳು ಇರುತ್ತೀರಿ? ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ, ಯಾಕೆ ವಾಪಸು ಬರುತ್ತೀರಿ? ಫೋನಿನೊಳಗಿನ ಮುದುಕರು ತಡವರಿಸಿದರೆ ಮತ್ತೆ ಮೊದಲಿನಿಂದ. ಕಸ ಹಾಕುವ ನೆವ ಮಾಡಿಕೊಂಡು ನಾನು ಕಾರಿಡಾರಿನಲ್ಲಿ ಎಷ್ಟು ಸಲ ಓಡಾಡಿದ್ದೇನೋ.

ಒಂದು ದಿನ ಕಸದ ಬುಟ್ಟಿಯ ಹತ್ತಿರ ಅವರ ಮನೆಯದೇ ಒಂದು ಹಾಳೆ ಬಿದ್ದಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಎತ್ತಿಕೊಂಡು ಬಂದು ಓದಿದೆ. ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಪ್ರಶ್ನೆಗಳು. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಎಚ್ಚರಿಕೆ: ಮೊಮ್ಮಗುವನ್ನು ನೋಡಿಕೊಳ್ಳಲು ಹೋಗುತ್ತೇನೆ ಎನ್ನಬೇಡಿ, ನೋಡಲು ಹೋಗುತ್ತೇನೆ ಎನ್ನಿ. ಸಿಕ್ಕಿಬಿದ್ದರು ಎಂದುಕೊಂಡೆ. ಹೆಂಡತಿಯ ಮುಂದೆ ಆ ಹಾಳೆ ಹಿಡಿದು, ಇದು ವೀಸಾ ದಂಧೆ, ನಾಳೆ ಪೊಲೀಸರು ಬಂದರೆ ನಮ್ಮ ಬಾಗಿಲನ್ನೂ ಬಡಿಯುತ್ತಾರೆ, ಆ ಮನೆಗೆ ಹೋಗುವುದು ಇವತ್ತಿಗೆ ಖಲಾಸ್ ಎಂದೆ.

ಅವಳು ನಕ್ಕಳು. ಅವಳಿಗೆ ಎಲ್ಲ ಗೊತ್ತಿತ್ತು. ಇಲ್ಲಿ ಕೆಲಸಕ್ಕಿದ್ದ ಎಷ್ಟೋ ನರ್ಸುಗಳು ಬೇರೆ ದೇಶಗಳಿಗೆ ಹೋಗಿ ನೆಲೆಸಿದ್ದಾರೆ, ಅವರ ತಂದೆತಾಯಿ ಮಾತ್ರ ಫಿಲಿಪೀನ್ಸಿನ ಹಳ್ಳಿಗಳಲ್ಲಿದ್ದಾರೆ. ಆ ಮುದುಕರು ಮಕ್ಕಳ ಹತ್ತಿರ ಹೋಗಿ ಹೆಚ್ಚು ದಿನ ಇರಬೇಕೆಂದರೆ ಬೇಕಾಗುವ ವೀಸಾಕ್ಕೆ ಹತ್ತಾರು ಕಾಗದ, ಮೇಲೆ ಅಧಿಕಾರಿಯ ಎದುರು ಮಾತಾಡಿ, ಅಲ್ಲೇ ಉಳಿದುಬಿಡುವುದಿಲ್ಲ ಎಂದು ನಂಬಿಸಬೇಕು. ಶುಕ್ರವಾರ ಬರುವವರು ಆ ನರ್ಸುಗಳ ಅಣ್ಣ, ತಂಗಿ, ಹಳೆಯ ಗೆಳತಿಯರು. ಅಕ್ಕಾರು ಫೈಲು ಜೋಡಿಸಿಕೊಡುತ್ತಾರೆ, ಮುದುಕರ ಹೆದರಿಕೆ ಬಿಡಿಸುತ್ತಾರೆ. ನೋಡಿಕೊಳ್ಳುವುದು ಎಂದರೆ ಅಧಿಕಾರಿಗಳು ಕೂಲಿ ಕೆಲಸ ಎಂದುಕೊಳ್ಳುತ್ತಾರೆ, ಅದಕ್ಕೇ ಆ ಕೆಂಪು ಶಾಯಿ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ.

"ಪುಕ್ಕಟೆ ಯಾರ ಮಾಡ್ತಾರ?" ಎಂದೆ.

"ಎಲ್ಲಾರೂ ನಿಮ್ಮಂಗ ಇರೂದಿಲ್ರಿ," ಎಂದಳು.

ನಾನು ನಂಬಲಿಲ್ಲ. ಹಾಳೆಯನ್ನು ಮಡಚಿ ಪಾಸ್‌ಪೋರ್ಟ್ ಇಡುವ ಬ್ಯಾಗಿನಲ್ಲಿ ಇಟ್ಟುಕೊಂಡೆ, ಯಾವತ್ತಾದರೂ ಬೇಕಾದೀತು ಎಂದು.

ಹೀಗಿರುವಾಗ ಒಂದು ದಿನ ಎದುರುಮನೆಯವರೇ ನನ್ನನ್ನು ಹುಡುಕಿಕೊಂಡು ಬಂದರು. ಈ ಸಲ ಅವರ ತಾಯಿಯ ಸರದಿ. ತಾಯಿಗೆ ಎಂಬತ್ತು ಹತ್ತಿರ. ಬೇರೆ ದೇಶದಲ್ಲಿದ್ದ ತಂಗಿಗೆ ಹೆರಿಗೆಯಾಗಿತ್ತು. ಮದುವೆಯಾಗಿ ಹತ್ತು ವರ್ಷದ ಮೇಲೆ ಹುಟ್ಟಿದ ಕೂಸು, ಅಜ್ಜಿ ಒಮ್ಮೆ ಅದನ್ನು ಎತ್ತಿಕೊಳ್ಳಬೇಕು, ಅಷ್ಟೇ ಅವರ ಆಸೆ. ಆದರೆ ಮಗಳು ಪ್ರಶ್ನೆ ಕೇಳಿದರೆ ತಾಯಿ ನಗುತ್ತಾಳೆ, ಊಟ ಆಯಿತೇ ಎಂದು ತಿರುಗಿ ಕೇಳುತ್ತಾಳೆ. ಗುರುತಿಲ್ಲದ ಗಂಡಸೊಬ್ಬ ಗಟ್ಟಿಯಾಗಿ ಕೇಳಿದರೆ ಅಭ್ಯಾಸವಾದೀತು. ಈ ಬಿಲ್ಡಿಂಗಿನಲ್ಲಿ ಅಧಿಕಾರಿಯ ಮುಖ ಇರುವುದು ನಿಮಗೊಬ್ಬರಿಗೇ ಸರ್, ಎಂದರು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋದಳು.

ನಾನು ಒಪ್ಪಿದೆ. ಉಪಕಾರ ಮಾಡಲು ಅಲ್ಲ, ಒಳಗೆ ಹೋಗಿ ಈ ದಂಧೆಯ ಬೇರು ನೋಡಬೇಕಿತ್ತು ನನಗೆ.

ಶುಕ್ರವಾರ ಅವರ ಮನೆಗೆ ಹೋದೆವು. ವಿನೆಗರ್ ಬಾಟಲಿಗೆ ಫೋನು ಒರಗಿಸಿಟ್ಟಿದ್ದರು. ನಾನು ಮೊದಲು ಕಪಾಟಿನಲ್ಲಿದ್ದ ಫೈಲುಗಳನ್ನು ನೋಡಬೇಕೆಂದೆ. ಅವರು ಹಿಂದುಮುಂದು ನೋಡದೆ ನಾಲ್ಕೈದು ತೆಗೆದು ಮುಂದಿಟ್ಟರು. ಎಕ್ಸ್‌ರೇ ನೋಡುವ ಹಾಗೆಯೇ ನೋಡಿದೆ. ಜನನ ಪತ್ರ, ಮಗಳ ಆಮಂತ್ರಣ ಪತ್ರ, ಹಳೆಯ ಮದುವೆಯ ಫೋಟೋ, ಎಲ್ಲ ಒಂದಕ್ಕೊಂದು ತಾಳೆಯಾಗುತ್ತಿದ್ದವು. ಎಲ್ಲೂ ಏನೂ ಸಿಗಲಿಲ್ಲ. ಸಿಗದಿದ್ದದ್ದೇ ನನ್ನ ಗುಮಾನಿಯನ್ನು ಹೆಚ್ಚಿಸಿತು. ಹೆಂಡತಿ ಚಹಾ ತರುತ್ತೇನೆಂದು ನಮ್ಮ ಮನೆಗೆ ಹೋದಳು.

ಫೋನಿನಲ್ಲಿ ತಾಯಿ ಕಾಣಿಸಿಕೊಂಡರು. ಪುಟ್ಟ ಮುಖ, ನೀರು ಹಚ್ಚಿ ಬಾಚಿದ ಬಿಳಿ ಕೂದಲು, ಹೂವಿನ ಚಿತ್ರದ ರವಿಕೆ. ಬೆನ್ನ ಹಿಂದೆ ಹಸಿರು ಬಣ್ಣದ ಮರದ ಬಾಗಿಲು. ಹೆಸರು ಕೇಳಿದೆ, ವಯಸ್ಸು ಕೇಳಿದೆ. ಕಲಿತ ಇಂಗ್ಲಿಷಿನಲ್ಲಿ ಒಂದೊಂದೇ ಪದ ಜೋಡಿಸಿ ಹೇಳಿದರು. ಎಷ್ಟು ತಿಂಗಳು ಎಂದೆ. ಆರು ಎಂದರು. ಆಮೇಲೆ ನನ್ನ ಸಾಮಾನ್ಯ ದನಿಗಿಂತ ಒಂದು ಮೆಟ್ಟಿಲು ಏರಿಸಿ, ಯಾಕೆ ವಾಪಸು ಬರುತ್ತೀರಿ ಎಂದು ಕೇಳಿದೆ.

ಮುದುಕಿ ತಮ್ಮ ಭಾಷೆಯಲ್ಲಿ ಏನೇನೋ ಹೇಳುತ್ತ ಹಿಂದಕ್ಕೆ ತಿರುಗಿ ಆ ಹಸಿರು ಬಾಗಿಲನ್ನು ತೋರಿಸಿದರು. ನಾನು ಎದುರುಮನೆಯವರ ಮುಖ ನೋಡಿದೆ. ಅವರು ಮೇಜು ನೋಡುತ್ತಿದ್ದರು.

"ಏನಂದರು?" ಎಂದೆ.

"ಪಾಠ ಮರೆತರು ಸರ್."

ಏನೋ ಮುಚ್ಚಿಡುತ್ತಿದ್ದಾರೆ ಎನಿಸಿತು. ಏನಂದರು ಅಂತ ಕೇಳಿದೆ ಎಂದು ಇನ್ನೊಮ್ಮೆ ಗದರಿದ ಹಾಗೆಯೇ ಕೇಳಿದೆ.

"ದೊಡ್ಡ ಮಗಳು ಕುವೈತಿನಲ್ಲಿದ್ದಾಳೆ, ಯಾವತ್ತು ಬೇಕಾದರೂ ಬಂದಾಳು, ಬಂದಾಗ ಬಾಗಿಲು ತೆಗೆಯಲು ನಾನು ಮನೆಯಲ್ಲಿ ಇರಬೇಕಲ್ಲ ಅಂತಾರೆ... ಅದಕ್ಕೇ ವಾಪಸು ಬರ್ತಾರಂತೆ."

ಆ ದೊಡ್ಡ ಮಗಳು ಇವರೇ, ಊರಿಗೆ ಹೋಗದೆ ಆರು ವರ್ಷವಾಗಿತ್ತು. ಮೊದಲು ತಂಗಿಯ ಓದಿನ ಸಾಲ, ಆಮೇಲೆ ಮನೆಯ ಮಾಡು, ಆಮೇಲೆ ಕ್ಲಿನಿಕ್ಕಿನಲ್ಲಿ ಜನ ಇಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಬರುತ್ತೇನೆ ಎಂದು ಹೇಳುತ್ತಲೇ ಇದ್ದರಂತೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮರುಗಳಿಗೆಯೇ ನನ್ನೊಳಗಿನ ಇನ್ಸ್‌ಪೆಕ್ಟರು ಎದ್ದು ಕುಳಿತ. ಇಂಥ ಉತ್ತರ ನಡೆಯುವುದಿಲ್ಲ, ಇದಕ್ಕೆ ಕಾಗದ ಎಲ್ಲಿದೆ, ಯಾವ ಅಧಿಕಾರಿ ಇದನ್ನು ನಂಬುತ್ತಾನೆ ಎಂದೆ. ಮನೆ ಯಾರ ಹೆಸರಲ್ಲಿದೆ ಎಂದು ಕೇಳಿದೆ. ತೀರಿಹೋದ ತಂದೆಯ ಹೆಸರಲ್ಲಿ, ಇನ್ನೂ ವರ್ಗ ಮಾಡಿಸಿಲ್ಲ ಎಂದರು. ಹಾಗಾದರೆ, ಮನೆ ನನ್ನದು, ಅದನ್ನು ನೋಡಿಕೊಳ್ಳಲು ಬರುತ್ತೇನೆ ಎಂದು ಹೇಳಿಸಿ ಎಂದೆ.

"ನಾನು ಇಲ್ಲಿಯವರೆಗೆ ಯಾರ ಕೈಲೂ ಸುಳ್ಳು ಹೇಳಿಸಿಲ್ಲ ಸರ್."

ಗಂಡನದು ಅಂದರೆ ಹೆಂಡತಿಯದೇ ಅಲ್ಲವೇ, ಇದರಲ್ಲಿ ಸುಳ್ಳೇನು ಬಂತು ಎಂದು ನಾನು ವಾದಿಸಿದೆ. ಬೇರೆಯವರ ತಾಯಿಯಾಗಿದ್ದರೆ ಅವರು ನನ್ನ ಮಾತು ಕೇಳುತ್ತಿರಲಿಲ್ಲ. ತಮ್ಮ ತಾಯಿಯ ವಿಷಯ ಬಂದಾಗ ಅವರಿಗೂ ಧೈರ್ಯ ಸಾಲಲಿಲ್ಲ. ಹೆಂಡತಿ ಚಹಾ ತರುವ ಹೊತ್ತಿಗೆ ಮುದುಕಿ ಹೊಸ ಉತ್ತರವನ್ನು ಮೂರನೆಯ ಸಲ ಹೇಳುತ್ತಿದ್ದರು. ಆ ಕಪಾಟಿನಲ್ಲಿದ್ದ ಅಷ್ಟೂ ಫೈಲುಗಳಲ್ಲಿ ಒಂದೇ ಒಂದು ಸುಳ್ಳು ಇತ್ತು, ಅದನ್ನು ಇಟ್ಟವನು ನಾನು.

ಒಂದೂವರೆ ತಿಂಗಳ ಮೇಲೆ ವೀಸಾ ಇಲ್ಲ ಎಂದು ಬಂತು. ಮನೆ ಯಾರ ಹೆಸರಲ್ಲಿದೆ ಎಂದು ಅಧಿಕಾರಿ ಕೇಳಿದ್ದರು. ನನ್ನದು ಎಂದು ಮುದುಕಿ ಎರಡು ಸಲ ಹೇಳಿದರು. ಮೂರನೆಯ ಸಲ ಕೇಳಿದಾಗ ಗಾಬರಿಯಾಗಿ, ನನ್ನ ಗಂಡನದು, ಅವರು ಸ್ವರ್ಗದಲ್ಲಿದ್ದಾರೆ ಎಂದುಬಿಟ್ಟರಂತೆ. ಅಧಿಕಾರಿಯ ತಪ್ಪೇನೂ ಇಲ್ಲ. ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಲಿಫ್ಟಿನಲ್ಲಿ ಸಿಕ್ಕಾಗ ಎದುರುಮನೆಯವರೇ ಇದನ್ನೆಲ್ಲ ಹೇಳಿದರು.

"ನೀವು ಒಳ್ಳೆಯ ಆಫೀಸರ್ ಸರ್. ಅವರೂ ನಿಮ್ಮ ಹಾಗೇ ಕೇಳಿದರಂತೆ," ಎಂದರು.

ಆ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಎಷ್ಟೋ ದಿನ ಹುಡುಕಿದೆ. ಇತ್ತೋ ಇಲ್ಲವೋ, ಇಂದಿಗೂ ನನಗೆ ಗೊತ್ತಾಗಿಲ್ಲ. ನನ್ನಿಂದಾಯಿತು ಎಂದು ಅವರಿಗಾಗಲಿ ನನ್ನ ಹೆಂಡತಿಗಾಗಲಿ ಹೇಳುವ ಬಾಯಿ ನನಗೆ ಬರಲಿಲ್ಲ. ಮನೆಗೆ ಹೋಗಿ ಬ್ಯಾಗಿನಲ್ಲಿದ್ದ ಆ ಹಾಳೆಯನ್ನು ಹರಿದು ಹಾಕಿದೆ.

ಅವರು ಮತ್ತೆ ಅರ್ಜಿ ಹಾಕಲು ಕಾಗದ ಕೂಡಿಸುತ್ತಿದ್ದರು. ಈ ಸಲ ಅಮ್ಮ ತನಗೆ ತಿಳಿದದ್ದನ್ನೇ ಹೇಳಲಿ ಎಂದು ನನ್ನ ಹೆಂಡತಿಯ ಹತ್ತಿರ ಅಂದಿದ್ದರಂತೆ. ಅದು ಆಗಲೇ ಇಲ್ಲ. ಊರಿನಿಂದ ಒಂದು ದಿನ ಫೋನು ಬಂತು. ಮೂರೇ ದಿನದ ಜ್ವರ, ತಾಯಿ ತೀರಿಕೊಂಡಿದ್ದರು... ಎದುರುಮನೆಯವರು ಅರ್ಧ ಸಾಮಾನು ಅಲ್ಲೇ ಬಿಟ್ಟು ಹೊರಟರು. ಪಾತ್ರೆಗಳು ನಮ್ಮ ಮನೆಗೆ ಬಂದವು, ಫೈಲುಗಳು ಕ್ಲಿನಿಕ್ಕಿನ ಇನ್ನೊಬ್ಬ ಹೆಂಗಸಿನ ಪಾಲಾದವು. ಅವರು ಹೊರಟ ದಿನ ನಾನು ಕೆಲಸದ ಮೇಲಿದ್ದೆ. ರಜೆ ಕೇಳಿದ್ದರೆ ಸಿಗುತ್ತಿತ್ತು, ಕೇಳಲಿಲ್ಲ. ಅವರ ಮುಖ ನೋಡಲು ಹೆದರಿದೆ. ವಾರದ ಮೇಲೆ ಹೆಂಡತಿಯ ಫೋನಿಗೆ ಒಂದು ಮೆಸೇಜು ಬಂತು. ಮನೆಗೆ ಬೀಗ ಹಾಕಿತ್ತು, ಬಾಗಿಲು ನಾನೇ ತೆಗೆದೆ ಎಂದು ಬರೆದಿದ್ದರು. ಅವರು ಮತ್ತೆ ಕುವೈತಿಗೆ ಬರಲಿಲ್ಲ.

ಸೂಪರ್‌ಮಾರ್ಕೆಟ್ಟಿನ ಹುಡುಗ ಗಾಜು ಗುಡಿಸಿ, ನೆಲ ಒರೆಸಿ ಹೋದ ಮೇಲೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಇನ್ನು ತಡೆಯಲಾಗಲಿಲ್ಲ.

"ಅವತ್ತ ಮನಿ ನಂದ ಅನ್ನು ಅಂತ ಹೇಳಿಕೊಟ್ಟಾಂವ ನಾನ," ಎಂದೆ.

"ಗೊತ್ತೈತ್ರಿ. ಹೋಗೂ ದಿನ ಅಕ್ಕಾರ ಹೇಳಿದ್ರು."

"ಬೈದ್ರೇನು?"

"ಇಲ್ಲ. ನಿನ್ನ ಅತ್ತಿ ಎಂದಾದರ ಇಲ್ಲಿಗೆ ಬಂದ್ರ, ಯಾವಾಗ ವಾಪಸ್ ಹೋಗ್ತಿ ಅಂತ ಸರ್ ಕೇಳದಂಗ ನೋಡ್ಕೊ, ಅಂದ್ರು. ಅಷ್ಟ."

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಅದ್ರಾಗೂ ಏನರ ಹುಡುಕತಿದ್ರಿ," ಎಂದು ಅವಳು ಟ್ರಾಲಿ ತಳ್ಳಿಕೊಂಡು ಮುಂದೆ ಹೋದಳು.

ಅವ್ವನ ವಾಪಸು ಟಿಕೆಟನ್ನೂ ಈಗಾಗಲೇ ತೆಗೆದಿದ್ದೇನೆ. ತಾರೀಖು ನನಗೆ ಬಾಯಿಪಾಠ. ನಿನ್ನೆ ಫೋನಿನಲ್ಲಿ ಅವ್ವ ತಾನಾಗಿಯೇ ಕೇಳಿದಳು, "ಅಲ್ಲಿ ಎಷ್ಟ ದಿನ ಇರಬೇಕೋ ತಮ್ಮಾ ನಾ?" ಎಂದು. ತಾರೀಖು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ನೀ ಮೊದಲ ಬಾ ಅವ್ವಾ ಎಂದೆ. ಎದುರುಮನೆಯವರಿಗೆ ಇದನ್ನೊಂದು ಹೇಳಬೇಕೆನಿಸಿ ಹಳೆಯ ನಂಬರಿಗೆ ಫೋನು ಮಾಡಿದೆ. ಆ ನಂಬರು ಈಗ ಹತ್ತುವುದಿಲ್ಲ.