ಮುನ್ನೂರ ಹನ್ನೆರಡರ ಬಾಗಿಲು

ವರ್ನಾ ಸ್ಟಕಿಯ ಮನೆಗೆ ಮಧ್ಯಾಹ್ನ ನಾಲ್ಕು ಗಂಟೆಗೆ ಹೋಗಬಾರದು, ಹೋದರೂ ಬಾಗಿಲು ತಟ್ಟಬಾರದು. ಲೀಸ್‌ಬರ್ಗ್ ಊರಿನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಅಂಚೆಯವನು ಕೂಡ ಮೆಟ್ಟಿಲ ಮೇಲೆ ಡಬ್ಬ ಇಟ್ಟು ಸದ್ದಿಲ್ಲದೆ ಹೋಗಿಬಿಡುತ್ತಾನೆ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಗಟ್ಟಿಗಿತ್ತಿ ಅವಳು, ಹೈಸ್ಕೂಲಿನ ಪುಂಡರನ್ನು ಒಂದೇ ನೋಟದಲ್ಲಿ ಕೂರಿಸಿದವಳು. ಆದರೆ ನಾಲ್ಕಾಯಿತೆಂದರೆ ಕುಡಿಯುತ್ತಿದ್ದ ಐಸ್ ಟೀ ಕೆಳಗಿಟ್ಟು ಎದ್ದು ಹೋಗಿ ಬಾಗಿಲು ತೆರೆಯುತ್ತಾಳೆ. ಯಾರೋ ಮೆಲ್ಲಗೆ ತಟ್ಟಿದ ಹಾಗಾಯಿತು ಅನ್ನುತ್ತಾಳೆ. ಹೊರಗೆ ಯಾರೂ ಇರುವುದಿಲ್ಲ.

ಕಳೆದ ಆಗಸ್ಟಿನಲ್ಲಿ ಒಂದು ದಿನ, ಮೂರು ಗಂಟೆಯ ಹೊತ್ತಿಗೆ, ಪಕ್ಕದ ಮನೆಯ ನಡೀನ್ ಪ್ರೂಯಿಟ್ ಫೋನು ಹಿಡಿದುಕೊಂಡು ಬಂದಳು. ಅವಳಿಗೂ ವರ್ನಾಳಿಗೂ ಒಂದೇ ಸರೋವರದ ದಂಡೆಯ ರೆಸಾರ್ಟಿನಲ್ಲಿ ಟೈಮ್‌ಶೇರ್ ಪಾಯಿಂಟುಗಳಿವೆ. ವರ್ಷಕ್ಕೆ ಇಷ್ಟು ಅಂತ ಪಾಯಿಂಟು ಬರುತ್ತದೆ, ಅದರಲ್ಲಿ ರೂಮು ಹಿಡಿದು ವಾರಗಟ್ಟಲೆ ಇರಬಹುದು. ಬಳಸದಿದ್ದರೆ ಡಿಸೆಂಬರಿಗೆ ಗೋವಿಂದ. ಹಾಗಾಗಿ ಹೋಗಲಾಗದವರು ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಡುತ್ತಾರೆ.

"ಒಬ್ಬ ಸಿಕ್ಕಿದಾನೆ ಕಣೇ. ಮಾತು ಬೆಣ್ಣೆ ಬೆಣ್ಣೆ," ಅಂದಳು ನಡೀನ್. "ರೂಮು ನಿಜವಾಗ್ಲೂ ಇದೆ ಅಂತ ನಂಬಿಕೆ ಬರ್ಬೇಕಲ್ಲ, ಬುಕ್ಕಿಂಗ್ ಕಾಗದದ ಫೋಟೋ ಕಳ್ಸಿ ಅಂತಾನೆ. ಆಮೇಲೆ ದುಡ್ಡು ಹಾಕ್ತಾನಂತೆ. ಕಳ್ಸಿಬಿಡ್ಲಾ?"

ವರ್ನಾ ಥಟ್ಟನೆ ಅವಳ ಫೋನಿಗೆ ಕೈ ಹಾಕಿದಳು. "ಕಳ್ಸಿಬಿಟ್ಯಾ?"

"ಇನ್ನೂ ಇಲ್ಲ ಮಾರಾಯ್ತಿ. ಅದಕ್ಯಾಕೆ ಹೀಗೆ ಬೆಚ್ಚಿಬೀಳ್ತೀಯ?"

"ಕಾಗದ ಕಳ್ಸಬೇಡ. ಅವನ ಹೆಸರು ಹಾಕಿ ಬುಕ್ ಮಾಡು, ರೆಸಾರ್ಟಿಗೆ ಅವನೇ ಫೋನ್ ಮಾಡಿ ತನ್ನ ಹೆಸರು ಇದೆಯಾ ಅಂತ ಕೇಳ್ಕೊಳ್ಳಲಿ. ಚೆಕ್ ಕೊಟ್ರೆ ಬ್ಯಾಂಕಿನೋರು ದುಡ್ಡು ಖಾತೆಗೆ ಬಂತು ಅನ್ನೋವರ್ಗೂ ಕಾಯಿ. ಜಾಸ್ತಿ ಕಳ್ಸಿದೀನಿ, ಉಳಿದಿದ್ದು ವಾಪಸ್ ಹಾಕಿ ಅಂದ್ರೆ ಫೋನ್ ಇಟ್ಬಿಡು. ಪಾಸ್‌ವರ್ಡ್ ಕೇಳಿದ್ರಂತೂ ಮಾತೇ ಬೇಡ. ನಿಜವಾದವರೋ ಅಲ್ವೋ ಅಂತ ಅನುಮಾನ ಬಂದ್ರೆ, ಯಾವ ಕಾಗದದಲ್ಲೂ ಇಲ್ಲದ್ದು ಏನಾದ್ರೂ ಕೇಳು. ಕಳ್ಳ ಆದ್ರೆ ತಡವರಿಸ್ತಾನೆ."

"ಅಬ್ಬಾ, ಪೊಲೀಸಮ್ಮ ಆಗ್ಬಿಟ್ಟೆ," ಅಂತ ನಡೀನ್ ನಕ್ಕಳು. ವರ್ನಾ ನಗಲಿಲ್ಲ. ಒಂಬತ್ತು ವರ್ಷದಿಂದ ಯಾರಿಗೂ ಹೇಳದ್ದನ್ನು ಆ ಹೊತ್ತು ಹೇಳಿದಳು.

ಅವಳ ಗಂಡ ಆರ್ವಿಲ್ ತೀರಿಕೊಂಡ ವರ್ಷ ಅದು. ಒಬ್ಬಳೇ ಹೋಗುವುದು ಹೇಗೆ ಅಂತ ಪಾಯಿಂಟನ್ನು ಬಾಡಿಗೆಗೆ ಇಟ್ಟಳು. ಪಾದ್ರಿ ಅಂತ ಹೇಳಿಕೊಂಡ ಒಬ್ಬ ಕರೆ ಮಾಡಿದ. ಆರ್ವಿಲ್‌ನ ಆತ್ಮಕ್ಕೆ ಪ್ರಾರ್ಥನೆ ಮಾಡುತ್ತೇನೆ ಅಂದ, ಬುಕ್ಕಿಂಗ್ ಕಾಗದ ಕೇಳಿದ. ಕಾಗದ ತೋರಿಸಿದರೆ ಕಳೆದುಕೊಳ್ಳುವುದು ಏನಿದೆ ಅಂತ ಇವಳು ಕಳಿಸಿದಳು. ಪಾದ್ರಿ ಮಂಗಮಾಯ. ಹೋಗಲಿ, ರೂಮಂತೂ ತನ್ನ ಹೆಸರಲ್ಲೇ ಇದೆಯಲ್ಲ, ದಂಡ ಆಗಬಾರದು ಅಂತ ಅಕ್ಟೋಬರಿನಲ್ಲಿ ತಾನೇ ಹೋಗಿ ಮುನ್ನೂರ ಹನ್ನೆರಡರಲ್ಲಿ ಇಳಿದುಕೊಂಡಳು. ಎರಡು ಮಲಗುವ ಕೋಣೆ, ಬಿಚ್ಚಿದರೆ ಹಾಸಿಗೆಯಾಗುವ ಸೋಫಾ, ಎಂಟು ಜನ ಆರಾಮಾಗಿ ಮಲಗುವಷ್ಟು ಜಾಗ. ಅಲ್ಲಿ ಇವಳೊಬ್ಬಳೇ.

ಆ ರೆಸಾರ್ಟಿನಲ್ಲಿ ಹೊಸಬರನ್ನು ರೂಮಿಗೆ ಬಿಡುವುದು ನಾಲ್ಕು ಗಂಟೆಗೆ. ನಾಲ್ಕಕ್ಕೆ ಇವಳು ಒಳಗೆ ಬಂದು ಪೆಟ್ಟಿಗೆ ಇಳಿಸುವಷ್ಟರಲ್ಲೇ ಬಾಗಿಲು ತಟ್ಟಿದ ಸದ್ದು. ತೆರೆದರೆ ಒಂದು ಸಂಸಾರ, ಕೈಯಲ್ಲಿ ಇವಳದೇ ಕಾಗದ, ಇವಳದೇ ಹೆಸರು. ಪೂರ್ತಿ ಬಾಡಿಗೆ ಕೊಟ್ಟಿದ್ದೇವೆ ಅಂದರು. ಅವರನ್ನು ಕಳಿಸುವಷ್ಟರಲ್ಲಿ ಇನ್ನೊಂದು ಸಂಸಾರ, ಅದೇ ಕಾಗದ. ಆ ಪಾಪಿ ಒಂದು ಕಾಗದವನ್ನು ಐದು ಮನೆಯವರಿಗೆ ಮಾರಿದ್ದ. ಕೆಳಗೆ ಕೌಂಟರಿನವರು ರೂಮು ಮೇಡಂ ಅವರದೇ, ನಾವೇನು ಮಾಡೋಕಾಗುತ್ತೆ ಅಂತ ಕೈತೊಳೆದುಕೊಂಡರು. ಜನ ಇವಳ ಮುಖಕ್ಕೇ ಕಳ್ಳಿ ಅಂತ ಉಗಿದರು.

ಐದನೆಯವನು ಉಗಿಯಲಿಲ್ಲ. ಕೆಂಟಕಿಯಿಂದ ಹದಿಮೂರು ಗಂಟೆ ವ್ಯಾನು ಓಡಿಸಿಕೊಂಡು ಬಂದಿದ್ದ. ಹಿಂದೆ ಏಳು ವರ್ಷದ ಮಗಳು, ಹಣೆಯ ಮೇಲೆ ಈಜುವಾಗ ಹಾಕುವ ಹಸಿರು ಕನ್ನಡಕ. ದಾರಿಯುದ್ದಕ್ಕೂ ಹಾಗೇ ಇಟ್ಟುಕೊಂಡಿದ್ದಳೋ ಏನೋ, ಹಣೆಯಲ್ಲಿ ಅಚ್ಚು ಮೂಡಿತ್ತು. "ಅಪ್ಪಾ, ನಮ್ ರೂಮಲ್ಲಿ ಇವ್ರ್ಯಾಕೆ ಇದಾರೆ?" ಅಂತ ಕೇಳಿತು ಆ ಮಗು. ಅಷ್ಟು ಹೊತ್ತಿಗೆ ವರ್ನಾ ನಾಲ್ಕು ಮನೆಯವರಿಂದ ಉಗಿಸಿಕೊಂಡಿದ್ದಳು. ಒಂದು ಮಾತೂ ಆಡದೆ ಬಾಗಿಲು ಮುಚ್ಚಿ ಸರಪಳಿ ಹಾಕಿಕೊಂಡಳು. ಅವನು ಇನ್ನೊಂದು ಸಲ ತಟ್ಟಿದ, ಮೆಲ್ಲಗೆ, ಒಳಗೆ ಮಲಗಿದವರನ್ನು ಎಬ್ಬಿಸುವವನ ಹಾಗೆ. ಇವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇದ್ದಳು. ಆಮೇಲೆ ಬಾಲ್ಕನಿಯಿಂದ ನೋಡಿದಾಗ ಆ ಹುಡುಗಿ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ವ್ಯಾನು ಹತ್ತುತ್ತಿದ್ದಳು. ವ್ಯಾನಿನ ಮೇಲೆ "ಹಾರ್ಲನ್ ಮೀಕ್ಸ್, ನಲ್ಲಿ ರಿಪೇರಿ" ಅಂತ ಬರೆದು ನಂಬರ್ ಹಾಕಿತ್ತು. ಅದನ್ನು ಬರೆದುಕೊಂಡಳು.

"ಎಂಟು ಜನಕ್ಕೆ ಜಾಗ ಇತ್ತು ನಡೀನ್. ಒಳಗೆ ಬನ್ನಿ ಅನ್ನೋಕೆ ನಂಗೇನು ದಾಡಿಯಾಗಿತ್ತು?"

ನಡೀನ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಆ ನಂಬರಿಗೆ ಯಾವತ್ತೂ ಮಾಡ್ಲಿಲ್ವಾ?"

"ಏನಂತ ಮಾಡ್ಲಿ?" ಅಂದಳು ವರ್ನಾ. ಆಮೇಲೆ, "ಈ ಅಕ್ಟೋಬರಿಗೆ ಅದೇ ರೂಮು ಬುಕ್ ಮಾಡಿದೀನಿ. ಅವನ ಹೆಸರಲ್ಲಿ," ಅಂದಳು.

"ಹಾಗಾದ್ರೆ ಈಗ್ಲೇ ಮಾಡು. ನಾನಿದೀನಲ್ಲ."

ವರ್ನಾ ಫೋನನ್ನು ಮೇಜಿನ ಮೇಲಿಟ್ಟು ಇಬ್ಬರಿಗೂ ಕೇಳುವ ಹಾಗೆ ಮಾಡಿದಳು. ಅವನೇ ಎತ್ತಿದ. ಸರೋವರದ ರೆಸಾರ್ಟಿನಲ್ಲಿ ಒಂದು ವಾರ ನಿಮ್ಮ ಹೆಸರಲ್ಲಿ ರೂಮಿದೆ, ದುಡ್ಡು ಬೇಡ, ಮಗಳನ್ನು ಕರೆದುಕೊಂಡು ಬನ್ನಿ ಅಂತ ಒಂದೇ ಉಸಿರಿಗೆ ಹೇಳಿದಳು.

"ಪುಕ್ಕಟೆ ರೂಮು," ಅಂದ ಅವನು. "ಮುಂದೆ ಕಾರ್ಡ್ ನಂಬರ್ ಕೇಳ್ತೀರ, ಅಲ್ವಾ ಮೇಡಂ? ಒಂದ್ಸಲ ಟೋಪಿ ಹಾಕಿಸ್ಕೊಂಡಿದೀನಿ, ಸಾಕು."

"ಏನೂ ಕೇಳಲ್ಲ. ರೆಸಾರ್ಟಿಗೆ ನೀವೇ ಫೋನ್ ಮಾಡಿ ನೋಡಿ. ನಾನು ವರ್ನಾ ಸ್ಟಕಿ."

ಅವನು ಆ ಹೆಸರನ್ನು ಒಮ್ಮೆ ತಾನೇ ಹೇಳಿಕೊಂಡ. ಆಮೇಲೆ ಅವನು ನಿಧಾನವಾಗಿ ಹೇಳಿದ: "ಆ ಹೆಸರು ಕಾಗದದ ಮೇಲಿತ್ತು. ಆ ಕಾಗದ ಯಾರ್‍ಯಾರ ಕೈಲಿದೆಯೋ ಯಾರಿಗೆ ಗೊತ್ತು. ಕಾಗದದಲ್ಲಿ ಇಲ್ಲದ್ದು ಏನಾದ್ರೂ ಹೇಳಿ, ನಂಬ್ತೀನಿ."

ನಡೀನ್ ವರ್ನಾಳ ಮುಖ ನೋಡಿದಳು.

"ನಿಮ್ಮ ಮಗಳ ಹಣೆ ಮೇಲೆ ಈಜೋ ಕನ್ನಡಕ ಇತ್ತು. ಹಸಿರು," ಅಂದಳು ವರ್ನಾ. "ಬಾಗಿಲು ಹಾಕಿದ ಮೇಲೆ ನೀವು ಇನ್ನೊಂದ್ಸಲ ತಟ್ಟಿದ್ರಿ. ಮೆಲ್ಲಗೆ."

"ಅದು ಒಳಗೆ ಕೇಳಿಸ್ತಾ?"

"ಕೇಳಿಸ್ತು."

ಅವನು ಉಸಿರು ಬಿಟ್ಟದ್ದು ಇವರಿಗೂ ಕೇಳಿಸಿತು. "ಕೇಳಿಸಿರಲ್ಲ ಅಂತ ಹೇಳಿದ್ದೆ ನನ್ನ ಮಗಳಿಗೆ. ಪಾಪ, ಆ ಅಜ್ಜಿಗೆ ಕಿವಿ ಮಂದ ಇರ್ಬೇಕು, ಕೇಳಿಸಿದ್ರೆ ತೆಗೀತಿದ್ರು ಅಂತ. ಅವಳು ಈಗ್ಲೂ ಹಾಗೇ ನಂಬ್ಕೊಂಡಿದಾಳೆ." ಆಮೇಲೆ ಹೇಳಿದ: "ನೀವು ಕಳ್ಳಿ ಅಲ್ಲ ಮೇಡಂ, ಈಗ ಗೊತ್ತಾಯ್ತು. ಆದ್ರೆ ನಾವು ಬರಲ್ಲ. ಇನ್ಮೇಲೆ ಫೋನ್ ಮಾಡ್ಬೇಡಿ. ಅವಳು ಎತ್ತಿಬಿಟ್ರೆ ನಿಮಗೆ ಕಿವಿ ಕೇಳುತ್ತೆ ಅಂತ ಗೊತ್ತಾಗಿಬಿಡುತ್ತೆ."

ಕರೆ ನಿಂತಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆಯಿತು.

ವರ್ನಾ ಎದ್ದು ಹೋಗಿ ಬಾಗಿಲು ತೆರೆದಳು. ಹೊರಗೆ ಬಿಸಿಲು, ಖಾಲಿ ಮೆಟ್ಟಿಲು. "ಒಳಗೆ ಬನ್ನಿ," ಅಂದಳು ಅವಳು, ಮೊದಲ ಸಲ. ಆಮೇಲೆ ಯಾರೋ ಒಳಗೆ ಬರಲು ಬೇಕಾಗುವಷ್ಟು ಹೊತ್ತು ಬಾಗಿಲು ಹಿಡಿದುಕೊಂಡು ನಿಂತಿದ್ದಳು.