ಕುಡಿಸಬಾರದಿದ್ದ ಎಳನೀರು

ನಮ್ಮ ಕಡೆ ರೋಗಿಯನ್ನ ನೋಡೋಕೆ ಬರಿಗೈಲಿ ಹೋಗೋದಿಲ್ಲ. ಎಳನೀರು ಒಯ್ಯಬೇಕು. ಕೊಟ್ಟು ಬಂದರೆ ಸಾಲದು, ಎದುರಿಗೇ ಒಂದು ಗುಟುಕಾದರೂ ಕುಡಿಸಬೇಕು. ಬೇಡ ಅಂದರೆ ಬಂದವರಿಗೆ ಮುನಿಸು.

ಜಾವಗಲ್ಲಿನ ತೋಟದಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. ಚಿಕ್ಕಪ್ಪ ಕಾರಿಗೆ ಹಾಕಿಕೊಂಡು ಅರಸೀಕೆರೆಗೆ, ನಮ್ಮ ಮನೆಮಂದಿಗೆಲ್ಲ ಮೊದಲಿಂದಲೂ ನೋಡುತ್ತಿದ್ದ ಡಾಕ್ಟರ ನರ್ಸಿಂಗ್ ಹೋಮಿಗೆ ಒಯ್ದ. ನಾನು ಬೇಲೂರಿಂದ ಬಸ್ಸು ಹತ್ತಿ ಬರುವಷ್ಟರಲ್ಲಿ ಡ್ರಿಪ್ ಹಾಕಿದ್ದರು. ಮಂಚದ ಕೆಳಗೆ ಆಗಲೇ ಎಳನೀರಿನ ರಾಶಿ.

"ಹಾಸನಕ್ಕೆ ಹೋಗೋಣ, ಅಲ್ಲಿ ನರದ ಡಾಕ್ಟ್ರು ಇದಾರೆ" ಅಂದೆ.

"ಸುಮ್ಕಿರಮ್ಮ, ನಮ್ ಡಾಕ್ಟ್ರು ಬೇಜಾರ್ ಮಾಡ್ಕೋತಾರೆ" ಅಂದ ಚಿಕ್ಕಪ್ಪ. "ನಿನ್ ಹೆರಿಗೆ ಮಾಡ್ಸಿದ್ದೂ ಇವ್ರೇ ಅಲ್ವಾ?"

ಹೆರಿಗೆ ಮಾಡಿಸಿದವರೇ ಮಿದುಳಿಗೂ ಸಾಕಂತೆ! ಡಾಕ್ಟರನ್ನೇ ಕೇಳಿದೆ. ನಕ್ಕರು. "ಅಲ್ಲೂ ಇದೇ ಔಷಧಿ ಕಣಮ್ಮ, ನಾನಿಲ್ವಾ? ಎಳನೀರು, ಗಂಜಿ ಕೊಡ್ತಾ ಇರಿ."

ಬಂದವರೆಲ್ಲ ಕುಡಿಸಿದರು. ಒಂದೊಂದು ಗುಟುಕಿಗೂ ಅಪ್ಪ ಕೆಮ್ಮುತ್ತಿದ್ದ. "ಅಪ್ಪ ಕೆಮ್ತೈತೆ ಕಣವ್ವ, ಬ್ಯಾಡ" ಅಂದರೆ, "ಡಾಕ್ಟ್ರೇ ಕೊಡಿ ಅಂದವ್ರಲ್ಲೇ" ಅನ್ನೋಳು ಅವ್ವ. ಡಾಕ್ಟರಿಗೂ ಹೇಳಿದೆ. "ನೆತ್ತಿಗೆ ಹತ್ತಿರುತ್ತೆ, ನಿಧಾನಕ್ಕೆ ಕೊಡಿ" ಅಂದರು. ಮಾರನೇ ದಿನ ಮೈ ಕೆಂಡ, ಎದೆ ಗೊರಗೊರ. ಆಗ ಅವರೇ "ಹಾಸನಕ್ಕೆ ಕರ್ಕೊಂಡ್ ಹೋಗ್ಬಿಡಿ" ಅಂದರು. ಆಹಾ, ಈಗ ಯಾರಿಗೂ ಬೇಜಾರಾಗಲಿಲ್ಲ ನೋಡಿ!

ಹಾಸನದ ನರದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಬಾಯಿಗೆ ಏನಾದ್ರೂ ಕೊಟ್ರಾ?" ಅಂತಲೇ ಮೊದಲು ಕೇಳಿದರು. ಚಮಚದಲ್ಲಿ ಒಂದಿಷ್ಟು ನೀರು ಹಾಕಿ, ಅಪ್ಪನ ಗಂಟಲ ಮೇಲೆ ಬೆರಳಿಟ್ಟು ನೋಡಿದರು. ಅಪ್ಪ ಕೆಮ್ಮಿದ. "ನುಂಗೋ ಶಕ್ತಿ ಹೋಗಿದೆ. ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದಿದೆ. ಲಕ್ವ ಹೊಡೆದೋರಿಗೆ ಇದನ್ನ ನೋಡದೆ ಒಂದು ಹನೀನೂ ಕೊಡಬಾರದು."

ಮೈಯೆಲ್ಲ ಉರಿದುಹೋಯಿತು ನನಗೆ. ಒಂದು ಚಮಚ ನೀರು! ಅದಕ್ಕೆ ಯಾವ ಮೆಷಿನ್ ಬೇಕಿತ್ತು? ಎಲ್ಲಾ ಕಾಯಿಲೆಗೂ ನಾನೇ ಸಾಕು ಅನ್ನೋರಿಗೆ ಇಷ್ಟು ಗೊತ್ತಿರಬೇಡವಾ? ಗೊತ್ತಿಲ್ಲ ಅಂದರೆ ಗೊತ್ತಿದ್ದವರಿಗೆ ಒಂದು ಫೋನಾದರೂ ಮಾಡಬಾರದಿತ್ತಾ? ನಮ್ಮವರೋ, ದಾಕ್ಷಿಣ್ಯಕ್ಕೆ ಬಸುರಾಗೋ ಜನ. ಡಾಕ್ಟರ ಮನಸ್ಸು ನೋಯಬಾರದು ಅಂತ ಅಪ್ಪನ ಎದೆ ತುಂಬಿಸಿದರು.

ಅಪ್ಪ ಬದುಕಿಕೊಂಡ. ಗಂಜಿ ಹಾಕೋಕೆ ಅಂತ ಹಾಸನದಲ್ಲಿ ಮೂಗಿಗೆ ಇಳಿಸಿದ್ದ ನಳಿಕೆಯನ್ನೂ ಕೊನೆಗೆ ತೆಗೆದರು. ಆದರೆ ನೀರು ಮಾತ್ರ ಈಗಲೂ ಇಳಿಯೋದಿಲ್ಲ, ಏನಿದ್ದರೂ ಅಂಬಲಿ ಹಾಗೆ ಗಟ್ಟಿ ಮಾಡಿಯೇ ಕೊಡಬೇಕು.

ಹಳೇಬೀಡಿಗೆ ಹೊರಟಿದ್ದ ಅರಸೀಕೆರೆ ಡಾಕ್ಟರು ಒಂದಿನ ದಾರಿಯಲ್ಲಿ ಮನೆಗೆ ಬಂದರು. ಕೈಲಿ ಎಳನೀರು. "ಹುಷಾರಾಗ್ತಾರೆ ಅಂತ ನಾನ್ ಹೇಳಿರ್ಲಿಲ್ವಾ?" ಅಂದರು. ಅವ್ವ ಲೋಟ ತರೋಕೆ ಎದ್ದಳು.

"ಕೂತ್ಕೋ ಅವ್ವ" ಅಂದೆ. ನಾನೇ ಎಳನೀರು ಕೆತ್ತಿ ಅವರ ಕೈಗಿಟ್ಟೆ. "ಅಪ್ಪನಿಗೆ ಇಳಿಯಲ್ಲ. ನೀವೇ ಕುಡೀರಿ ಡಾಕ್ಟ್ರೇ, ನಮ್ಮೆದುರಿಗೇ."

ಅವರು ಕುಡಿದರು. ಮುಗಿಯುವವರೆಗೂ ಅಪ್ಪ ಆ ಎಳನೀರನ್ನೇ ನೋಡುತ್ತಿದ್ದ.